ಮುಳ್ಳು ನಿಲ್ಲುವ ತನಕ

ಬೀದರದ ಚೌಬಾರಾ ಹಿಂದಿನ ಓಣಿ, ಮಾಳಿಗೆ ಮೇಲಿನ ಖೋಲಿ.
ಗುಂಡೇರಾವ್ ಕಾಕಾ ಫ್ಯಾನ್ ಬಂದ್ ಮಾಡ್ತಾರ,
ಕಿಟಕಿ ಬಂದ್ ಮಾಡ್ತಾರ,
ಆಮ್ಯಾಲೆ ನನ್ನ ಕಡೆ ತಿರುಗಿ,
"ನಿನ್ನ ಉಸಿರೂ ಸ್ವಲ್ಪ ಅತ್ತ ಬಿಡು, ಜಗದೇವಿ."

ಮೇಜಿನ ಮ್ಯಾಲೆ ಅಕ್ಕಸಾಲಿಗರ ತಕ್ಕಡಿ,
ಒಂದೇ ಡಬ್ಬಿ.
ಇನ್ನೊಂದು ಕಪಾಟಿನೊಳಗ, ಕೀಲಿ ಅವರ ಜನಿವಾರಕ್ಕ.
ಎರಡು ಮದ್ದು ಒಟ್ಟಿಗೆ ಬಿಚ್ಚಿಟ್ಟವ
ಎರಡು ಸುಳ್ಳು ಒಟ್ಟಿಗೆ ಹೇಳಿದಂಗ,
ಯಾವುದು ಯಾವುದೋ ತನಗೇ ಮರೀತದ.

ಡಬ್ಬಿಯೊಳಗಿನದು ಅವಸರದ ಮದ್ದು.
ಗೋಲಿ ಎದ್ದು ನಿಲ್ಲೂದರೊಳಗ ಉರಿದು ಮುಗೀತದ.
ಕಪಾಟಿನದು ಸಾವಕಾಶದ್ದು,
ಬೆನ್ನ ಮ್ಯಾಲೆ ಕೈಯಿಟ್ಟು ದೂರದ ತನಕ ದೂಡೂದು ಅದರ ಸ್ವಭಾವ.
ಪಿಸ್ತೂಲಿನ ಗೇಣುದ್ದ ದಾರಿಯಾಗ ಅದರ ಮಾತು ಮುಗಿಯಂಗಿಲ್ಲ,
ಅರ್ಧ ಮಾತು ಬೆಂಕಿಯಾಗಿ ಬಾಯಿಂದ ಹೊರಗ ಬೀಳ್ತದ.

ಯಾವುದು ಜೋರು ಕಾಕಾ? ಅಂದೆ.
ಹತ್ತೊಂಬತ್ತು ನನಗ ಆಗ.
"ಕಾಗದಕ್ಕ ಜೋರು ಯಾಕ ಬೇಕು? ಅದು ಮೊದಲೇ ಸತ್ತದ.
ಅದು ಕೇಳೂದು ಇಷ್ಟೇ:
ಇವತ್ತಿಂದು ನಿನ್ನೆಯಂಗ ಇರಲಿ."

ಸೀಸದ ಗೋಲಿ ಎರಡು ನಮೂನಿ.
ದುಂಡು ಮೂಗಿಂದು ಚಂದ ಕಾಣ್ತದ, ಕಾಗದ ಹರೀತದ,
ಅಂಚೆಲ್ಲ ಚಿಂದಿ.
ಮೊಂಡು ಮೂತಿಂದು ಪೆದ್ದರಂಗ ಚಪ್ಪಟಿ,
ಆದ್ರ ಹಿಟ್ಟಿನ ಮ್ಯಾಲೆ ಬಟ್ಟಲ ಒತ್ತಿದಂಗ
ದುಂಡಗ ಕತ್ತರಿಸಿ ಹೋಗ್ತದ.
ಅಂಕಿ ಎಣಿಸೋರ ಕೂಡ ಜಗಳಿಲ್ಲ.
ನಾನು ಪೆದ್ದನ್ನೇ ಆರಿಸಿದೆ.

ಕೆಳಗ ಮೋಯಿಜ್ ಚಾಚಾನ ಬಿದರಿ ಕೆಲಸ.
ಕೋಟೆಯ ಮಣ್ಣು ಚಿಟಿಕೆ ನಾಲಿಗೆ ಮ್ಯಾಲಿಟ್ಟು
ಕಣ್ಣು ಮುಚ್ಚತಾರ. ಉಪ್ಪೋ, ಒಗರೋ,
ಈ ಮಣ್ಣು ಹೂಜಿಯನ್ನ ಕಪ್ಪು ಮಾಡೀತೋ ಇಲ್ಲೋ.
"ರಾವ್ ಸಾಬ್, ನಿಮ್ಮ ಮದ್ದೂ ನೆಕ್ಕಿ ನೋಡ್ರಿ!"
ಅದೇ ಗೋಡೆಯ ಉಪ್ಪು ಒಂದು ಕಾಲಕ್ಕ
ತೋಪಿನ ಹೊಟ್ಟಿಗೂ ಹೋಗಿತ್ತಂತ.
ಇಬ್ಬರೂ ಹೇಳ್ತಾರ. ಇಬ್ಬರೂ ಕಂಡವರಲ್ಲ.

ನೆತ್ತಿ ಮ್ಯಾಲೆ ವಾಯುಪಡೆಯ ವಿಮಾನ.
ತಕ್ಕಡಿ ಮುಳ್ಳು ನಡಗ್ತದ.
ಕಾಕಾ ಕೈ ಕಟ್ಟಿ ಕೂಡ್ತಾರ, ಮುಳ್ಳು ನಿಲ್ಲುವ ತನಕ.
ಕಲಿಯೋ ಹುಡುಗ, ತಿರುಗಿ ಬರ್ತಾನ.
ಮತ್ತ ಕೈ ಕಟ್ಟಿ ಕೂಡ್ತಾರ.
ಸಿಟ್ಟಿಲ್ಲ. "ಅವನೂ ಕಲೀಲಿ."

ಪಂದ್ಯಕ್ಕ ನಾಕು ದಿನ ಇತ್ತು.
ಕಟ್ಟಿಗೆ ಹಲಗಿಯಾಗ ಐವತ್ತು ಹಿತ್ತಾಳಿ ಬಾಯಿ,
ಗೋಲಿ ಕೂಡಿಸೂದಕ್ಕ ಮೊದಲ ಬ್ಯಾಟರಿ ಹಿಡಿದು ನೋಡಿದರು.
ಒಂದರಾಗ ಕತ್ತಲ ಕಡಿಮಿ.

ಎರಡು ಸಲ ಹಾಕಿದ್ದರು.
ಹಾಕಿದ್ದು ನೆನಪಿಲ್ಲ.
ಹೊಡೆದಿದ್ದರ ನನ್ನ ಬೆರಳು, ಪಿಸ್ತೂಲು,
ಯಾವುದರ ತುಂಡು ಯಾವುದೋ.

ಐವತ್ತನ್ನೂ ಡಬ್ಬಿಗೆ ಸುರಿದರು, ಮಾತಿಲ್ಲ.
ಆಮ್ಯಾಲೆ ನಿನ್ನೆ ಮೊನ್ನೆ ಕಟ್ಟಿದ್ದನ್ನೂ ತಂದರು,
ಒಂದೊಂದೇ ಬಿಚ್ಚಿದರು. ಟಕ್. ಟಕ್.
ಚಾಚಾ ಕೆಳಗಿನಿಂದ ಎರಡು ಸಲ ಚಹಾ ಕಳಿಸಿದರು, ಎರಡೂ ಆರಿದವು.
"ಅವನ್ನೂ ನೋಡಿದ್ದಿರಲ್ಲ ಕಾಕಾ?"
"ನೋಡಿದ್ದೆ ಅನ್ನೂದು ನೋಡಿದಂಗಲ್ಲ."

ಒಂದರಾಗೂ ಏನೂ ಇರಲಿಲ್ಲ. ಎಲ್ಲಾ ಸರಿ.
ಅದರಿಂದ ಅವರಿಗೆ ಸಮಾಧಾನ ಆಗಲಿಲ್ಲ.

ಪಂದ್ಯದಾಗ ಅಂಗಡಿ ತೋಟಾ ಹೊಡೆದೆ. ಹನ್ನೊಂದನೇ ನಂಬರ.
ತಿರುಗಿ ಬರೂದರಾಗ
ಲೈಸೆನ್ಸು, ಡಬ್ಬಿ ಎರಡೂ ಕಚೇರಿಗೆ ಒಪ್ಪಿಸಿ ಬಂದಿದ್ದರು.
ಸಹಿ ಹಾಕುವಾಗ ಕೈ ನಡುಗಿತಂತ. ಗುಮಾಸ್ತ ಹೇಳಿದ.

ತಕ್ಕಡಿ ಈಗ ಕೆಳಗದ.
ಚಾಚಾ ಬೆಳ್ಳಿ ತಂತಿ ತೂಗ್ತಾರ.
ವಿಮಾನ ಹೋತು, ಮುಳ್ಳು ನಡುಗಿತು,
ನಾನು ಗೋಡೆಗೆ ಮೈ ಹಚ್ಚಿ ನಿಂತಿದ್ದೆ, ಉಸಿರು ಬಿಗಿ ಹಿಡಿದು.
"ಬಿಡು ಬೇಟಿ," ಅಂದರು, "ಇದು ಬೆಳ್ಳಿ."

ಬಿಟ್ಟೆ.
ತಂತಿಯ ಚೂರೊಂದು ಹಾರಿ ನೆಲಕ್ಕ ಬಿತ್ತು.
ಮೂವರೂ ಮೊಣಕಾಲೂರಿ,
ಕಾಕಾ ಬ್ಯಾಟರಿ ಹಿಡಿದು,
ಆ ಕರಿ ಧೂಳಿನಾಗ ಹುಡುಕಿದಿವಿ.